ಕಾಲು ಊದಿದೆಯಾ? ಸೀರೆ ಇಳಿಬಿಟ್ಟು ಮುಚ್ಚಬೇಡಿ

ಉಡುಪಿ ಜಿಲ್ಲೆಯ ಕಾಪು ಹತ್ತಿರ ಶಂಕರಪುರ ಅಂತ ಊರಿದೆ. ಹೆಸರು ಹೇಳಿದರೆ ಸಾಕು, ಮಲ್ಲಿಗೆ ನೆನಪಾಗುತ್ತೆ. ಬೆಳ್ಳಂಬೆಳಗ್ಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಮಾರಾಟಕ್ಕೆ ತಲುಪಿಸಬೇಕು. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆಗೆ ಹೆಚ್ಚುಕಡಿಮೆ 3,200 ಮೊಗ್ಗು! ಕಟ್ಟೋದು ಬಹುಪಾಲು ಮನೆಯ ಹೆಂಗಸರು. ಕೂತ ಜಾಗದಿಂದ ಏಳುವಂತಿಲ್ಲ. ಇವತ್ತು ಅಟ್ಟೆಗೆ ರೇಟು ಎಷ್ಟು ಅಂತ ಊರಿಗೆಲ್ಲ ಗೊತ್ತಿರುತ್ತೆ. ಕಟ್ಟಿದವಳ ಕಾಲು ಊದಿದೆ ಅನ್ನೋದು ಯಾರಿಗೆ ಗೊತ್ತು?

ಕೂತೇ ಕೆಲಸ ಮಾಡುವವರ ಕಾಲು ಯಾಕೆ ಊದುತ್ತೆ? ಕಾಲಿಗಿಳಿದ ರಕ್ತ ಮತ್ತೆ ಮೇಲೆ ಹತ್ತಬೇಕಲ್ಲ, ಅದಕ್ಕೆ ಪಂಪ್ ನಮ್ಮ ಮೀನಖಂಡ. ನಡೆದಾಗ ಅದು ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತೆ. ಅಲ್ಲಾಡದೆ ಕೂತರೆ, ಅಥವಾ ಗಂಟೆಗಟ್ಟಲೆ ನಿಂತರೆ, ಪಂಪ್ ಬಂದ್. ರಕ್ತನಾಳದಿಂದ ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತೆ. ಚುನಾವಣಾ ಫಲಿತಾಂಶದ ದಿನ ಸ್ಟುಡಿಯೋದಲ್ಲಿ ಕೂತೇ ಇರುವ ನಮಗೂ ಸಂಜೆ ಹೊತ್ತಿಗೆ ಶೂ ಬಿಗಿಯಾಗುತ್ತೆ. ಬೆಳಗ್ಗೆ ಎದ್ದಾಗ ಇಳಿದುಹೋಗುವ ಇಂಥ ಊತಕ್ಕೆ ಗಾಬರಿ ಬೇಡ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ, ಮಲಗಿದಾಗ ಕಾಲ ಕೆಳಗೆ ದಿಂಬಿಡಿ. ಊಟದಲ್ಲಿ ಉಪ್ಪು ಕಡಿಮೆ ಮಾಡಿ. ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಗಂಜಿ ಜೊತೆ ಉಪ್ಪಿನಕಾಯಿ, ಒಣಮೀನು ತಿನ್ನುವ ಕರಾವಳಿಯವರು ಲೆಕ್ಕ ಹಾಕಿ ನೋಡಿ.

ಆದರೆ ಇಳಿಯದ ಊತದ ಕಥೆಯೇ ಬೇರೆ. ಊತ ಒಂದು ರೋಗ ಅಲ್ಲ, ಒಳಗಿನ ಯಾವುದೋ ತೊಂದರೆ ಬಾಗಿಲು ಬಡಿಯುತ್ತಿರುವ ಸದ್ದು. ಮೊದಲು ನೋಡಬೇಕಾದ್ದು ಇಷ್ಟೇ. ಊದಿದ್ದು ಒಂದು ಕಾಲಾ, ಎರಡೂ ಕಾಲಾ?

ಎರಡೂ ಕಾಲು ಊದಿ, ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತರೆ ಡಾಕ್ಟರ್ ಹೃದಯ, ಕಿಡ್ನಿ, ಲಿವರ್ ಮೂರನ್ನೂ ಪರೀಕ್ಷೆ ಮಾಡ್ತಾರೆ. ಮಲಗಿದರೆ ಉಸಿರು ಕಟ್ಟುತ್ತಾ? ಹೃದಯದ ಕಡೆ ಅನುಮಾನ. ಬೆಳಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ? ಕಿಡ್ನಿ. ಹೊಟ್ಟೆಯೂ ಉಬ್ಬಿದೆಯಾ? ಲಿವರ್. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ, ಕೆಲವು ನೋವಿನ ಮಾತ್ರೆಗಳಿಂದಲೂ ಕಾಲು ಊದುತ್ತೆ. ಹಾಗಂತ ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಗರ್ಭಿಣಿಗೆ ಕಾಲು ಊದೋದು ಸಾಮಾನ್ಯ. ಆದರೆ ಮುಖ, ಕೈ ಊದಿದರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ಅವತ್ತೇ ಬಿಪಿ ನೋಡಿಸಿ.

ಇನ್ನು ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವು, ಬಿಸಿ ಇದ್ದರೆ? ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ.

ಕರಾವಳಿಗೆ ಒಂದು ಹಳೇ ಹೆದರಿಕೆಯೂ ಇದೆ. ಆನೆಕಾಲು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಮೂರೂ ಜಿಲ್ಲೆಗಳು ಈ ಫೈಲೇರಿಯಾ ರೋಗದ ಪಟ್ಟಿಯಲ್ಲಿದ್ದವು. ಇದು ಶಾಪವಲ್ಲ, ಪಾಪದ ಫಲವೂ ಅಲ್ಲ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಹುಳ. ಅದರ ಮರಿಗಳು ರಕ್ತದಲ್ಲಿ ಓಡಾಡೋದು ಹೆಚ್ಚಾಗಿ ರಾತ್ರಿ. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ರಕ್ತ ತೆಗೆಯೋಕೆ ಬರ್ತಿದ್ದರು. 2004ರಿಂದ ಊರೂರಿಗೆ ಮಾತ್ರೆ ಹಂಚಿದ್ದೂ ಇದಕ್ಕೇ. ಸೋಂಕು ತಗುಲಿ ಎಷ್ಟೋ ವರ್ಷದ ಮೇಲೆ ಕಾಲು ಊದುತ್ತೆ. ಊದಿ ಗಟ್ಟಿಯಾದ ಕಾಲನ್ನು ಮಾತ್ರೆಯಿಂದ ಮೊದಲಿನಂತೆ ಮಾಡೋಕಾಗಲ್ಲ. ಆದರೆ ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದು ಒಣಗಿಸಿ, ಗಾಯವಾಗದಂತೆ ನೋಡಿಕೊಂಡರೆ ಜ್ವರ, ನೋವು ಮರುಕಳಿಸೋದು ಕಡಿಮೆಯಾಗುತ್ತೆ. ಪಕ್ಕದ ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯಲ್ಲಿ ಆಯುರ್ವೇದ, ಯೋಗ, ಆಧುನಿಕ ವೈದ್ಯ ಸೇರಿಸಿ ಇಂಥವರಿಗೆ ಚಿಕಿತ್ಸೆ ಕೊಡ್ತಾರೆ.

ಆದರೂ ನಮ್ಮ ಹೆಂಗಸರು ಏನು ಮಾಡ್ತಾರೆ ಗೊತ್ತಾ? ಸೀರೆ ಇನ್ನೂ ನಾಲ್ಕು ಬೆರಳು ಇಳಿಬಿಡ್ತಾರೆ. ಮಗಳ ಮದುವೆ ಆಗಲಿ, ಮಳೆಗಾಲ ಮುಗೀಲಿ ಅಂತ ಮುಂದೂಡ್ತಾರೆ. ಹೂವು ಒಂದು ದಿನ ತಡವಾದರೆ ಬಾಡುತ್ತೆ ಅಂತ ಗೊತ್ತಿರುವವರಿಗೆ, ತಮ್ಮ ದೇಹದ ವಿಷಯದಲ್ಲಿ ಮಾತ್ರ ಅವಸರವೇ ಇಲ್ಲ! ಇವತ್ತು ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಅಮ್ಮನ ಪಾದ ನೋಡಿ. ನಮಸ್ಕಾರ ಮಾಡೋಕಷ್ಟೇ ಅಲ್ಲ, ಊದಿದೆಯಾ ಅಂತ ನೋಡೋಕೆ.