ಮನೆಯ ಕರೆಂಟ್ ಬಿಲ್ ಪೂರ್ತಿ ವ್ಯಾಪಾರದ ಖರ್ಚೇ?

‘ಮನೆಯಲ್ಲೇ ಬಿಸಿನೆಸ್ ಮಾಡುತ್ತೀರಾ? ಕರೆಂಟ್, ಇಂಟರ್ನೆಟ್ ಬಿಲ್ ಪೂರ್ತಿ ತೋರಿಸಿ, ತೆರಿಗೆ ಉಳಿಸಿ’ ಎಂಬಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ‘ಪೂರ್ತಿ’ ಎನ್ನುವುದು ಸುಳ್ಳು.

ಆದಾಯ ತೆರಿಗೆ ಕಾಯ್ದೆ ಒಪ್ಪುವುದು ವ್ಯಾಪಾರಕ್ಕೆಂದೇ ಆದ ಖರ್ಚನ್ನು ಮಾತ್ರ. ಹಾಗಾಗಿ ಬಿಲ್ಲನ್ನು ಪಾಲು ಮಾಡಬೇಕು. ಮನೆಯಲ್ಲಿ ಟೈಲರಿಂಗ್ ಮಾಡುವವರಿಗೆ ತಿಂಗಳಿಗೆ 2,000 ರೂಪಾಯಿ ಬಿಲ್ ಬರುತ್ತದೆ ಎಂದುಕೊಳ್ಳಿ. ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಆ ಕೋಣೆಯ ಲೈಟು ಫ್ಯಾನಿಗೆ ಅದರ ಕಾಲು ಭಾಗ ಹೋಗುತ್ತಿದ್ದರೆ 500 ರೂಪಾಯಿ ವ್ಯಾಪಾರದ ಖರ್ಚು. ಫ್ರಿಜ್, ಗೀಸರ್, ಟಿವಿಯದ್ದು ಮನೆಯ ಲೆಕ್ಕ. ಆ 500 ಕಳೆಯುವುದೂ ಆದಾಯದಿಂದ, ತೆರಿಗೆಯಿಂದಲ್ಲ. ಕಾಲು ಭಾಗ ಹೇಗೆ ಬಂತೆಂದು ಬರೆದಿಟ್ಟು, ಬಿಲ್ಲುಗಳನ್ನು ಜೋಪಾನ ಮಾಡಿ. ಇಲಾಖೆ ಕೇಳಿದರೆ ಉತ್ತರಿಸಬೇಕಾದವರು ನೀವು, ಫಾರ್ವರ್ಡ್ ಮಾಡಿದವರಲ್ಲ!

ಸಂದೇಶ ಹೇಳದ ಇನ್ನೊಂದು ವಿಷಯವಿದೆ. ಸಣ್ಣ ವ್ಯಾಪಾರಿಗಳು ಅಂದಾಜು ಆದಾಯದ ಪದ್ಧತಿಯಲ್ಲೂ ರಿಟರ್ನ್ ಸಲ್ಲಿಸಬಹುದು. ಅಲ್ಲಿ ವಹಿವಾಟಿನ ಕನಿಷ್ಠ ಶೇ 8ರಷ್ಟನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕಾದರೆ ಶೇ 6ರಷ್ಟನ್ನು ಲಾಭವೆಂದು ತೋರಿಸಬೇಕು. ಖರ್ಚೆಲ್ಲ ಆಗಲೇ ಕಳೆದಂತೆ ಲೆಕ್ಕ. ಅದರ ಮೇಲೆ ಕರೆಂಟ್ ಬಿಲ್ಲನ್ನು ಮತ್ತೆ ಕಳೆಯುವಂತಿಲ್ಲ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವವರಿಗಂತೂ ತೋರಿಸಲು ಕರೆಂಟಿನ ಖರ್ಚೇ ಇಲ್ಲ.