ಲಿನಕ್ಸ್ ಊರಿಗೆ ಬರುವ ದಾರಿ

ಕೃಷ್ಣೆಯ ದಕ್ಷಿಣಕ್ಕೆ ಹಬ್ಬಿರುವ ನಮ್ಮ ಕಬ್ಬಿನ ಸೀಮೆಯಲ್ಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಡುವೆ ಕಣ್ಣಿಟ್ಟು ತಿರುಗಾಡುವವರಿಗೆ, ಯಾವುದೋ ಶಾಲೆಯ ಹಿಂಬದಿಯ ಕೋಣೆಯಲ್ಲಾಗಲಿ, ಪತ್ತಿನ ಸಹಕಾರಿ ಸಂಘದ ಕಪಾಟಿನ ಮೇಲಾಗಲಿ, ಝೆರಾಕ್ಸ್ ಅಂಗಡಿಯ ಮೇಜಿನ ಕೆಳಗಾಗಲಿ, ಧೂಳು ಹಿಡಿದ ಬಟ್ಟೆಯನ್ನು ಹೊದ್ದು ಕುಳಿತಿರುವ ಹಳೆಯ ಕಂಪ್ಯೂಟರ್ ಒಂದಾದರೂ ಕಾಣದೆ ಇರದು. ಹುನ್ನೂರಿನಂಥ ಊರಿನಲ್ಲಿಯೂ ಇಂಥವು ಅಪರೂಪವಲ್ಲ. ಅವುಗಳಲ್ಲಿ ಬಹುಪಾಲು ಕೆಟ್ಟುಹೋದ ಯಂತ್ರಗಳಲ್ಲ. ಅವುಗಳೊಳಗಿದ್ದ ವಿಂಡೋಸ್ ಹಳತಾಯಿತು, ಹೊಸತು ಅವುಗಳ ಶಕ್ತಿಗೆ ಮೀರಿದುದಾಯಿತು, ಇಷ್ಟೇ ಕಾರಣದಿಂದ ಅವು ಮೂಲೆ ಸೇರಿದವು. ರಿಪೇರಿಗೆಂದು ಪೇಟೆಗೆ ಹೊತ್ತೊಯ್ದರೆ, “ಇದು ಭಾಳ ಹಳೇದಾತ್ರಿ ಸರ, ಇದಕ್ಕ ಹೊಸಾ ವಿಂಡೋಸ್ ಹತ್ತೂದಿಲ್ಲ, ಗುಜರಿಗೆ ಹಾಕ್ರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಮಾತು ಅರ್ಧ ಮಾತ್ರ ಸತ್ಯವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2020ರ ಜನವರಿಯಲ್ಲಿ ನಿಂತುಹೋಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆದರೋ ಕನಿಷ್ಠ 4 ಜಿಬಿ ರ‍್ಯಾಮನ್ನೂ ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಬೇಡುವುದರಿಂದ, ಚೆನ್ನಾಗಿ ನಡೆಯುತ್ತಿರುವ ಅನೇಕ ಯಂತ್ರಗಳು ಸಹ ಅದರ ಬಾಗಿಲಲ್ಲಿಯೇ ನಿಲ್ಲಬೇಕಾಗಿದೆ. ಇಂಥ ಯಂತ್ರಗಳನ್ನು ಮತ್ತೆ ಕೆಲಸಕ್ಕೆ ಹಚ್ಚಬಲ್ಲ ಕಾರ್ಯಾಚರಣ ವ್ಯವಸ್ಥೆಯೇ ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ಅದರ ತಿರುಳೂ, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ಉಪಕರಣಗಳೂ ಕೂಡಿ ಬೆಳೆದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಪ್ರತಿ ಮಾಡಿ ನೆರೆಯವರಿಗೆ ಕೊಡಬಹುದು. ಈ ಕೊನೆಯ ಹಕ್ಕು ನಮ್ಮ ಹಳ್ಳಿಗಳ ಪಾಲಿಗೆ ಮಿಕ್ಕೆಲ್ಲಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ. ಏಕೆಂದರೆ ಲಿನಕ್ಸನ್ನು ಕಲಿಯುವುದು ಇಂದು ಕಷ್ಟವಾಗಿ ಉಳಿದಿಲ್ಲ. ಅದನ್ನು ಯಂತ್ರದೊಳಗೆ ಇಳಿಸಬಲ್ಲ ಒಂದು ಸಿಡಿಯೋ ಪೆನ್ ಡ್ರೈವೋ ಸಿದ್ಧವಾಗಿ ಕೈಗೆ ಸಿಗುವುದೇ ಕಷ್ಟವಾಗಿದೆ.

ಈ ಕಷ್ಟಕ್ಕೆ ಸ್ವತಂತ್ರ ತಂತ್ರಾಂಶದಷ್ಟೇ ವಯಸ್ಸಾಗಿದೆ. 1985ರಲ್ಲಿ ಸ್ಟಾಲ್ಮನ್ ತಮ್ಮ ಈಮ್ಯಾಕ್ಸ್ ತಂತ್ರಾಂಶವನ್ನು ಕಾಂತೀಯ ಟೇಪಿನಲ್ಲಿ ತುಂಬಿ, ಅಂಚೆಯಲ್ಲಿ ಕಳುಹಿಸಲು 150 ಡಾಲರು ತೆಗೆದುಕೊಳ್ಳುತ್ತಿದ್ದರು. ಅಂತರ್ಜಾಲವೇ ಇಲ್ಲದವರಿಗೆ ಬೇರೆ ಉಪಾಯವಿರಲಿಲ್ಲ. 1993ರಲ್ಲಿ, ತಿರುಳನ್ನೂ ಉಪಕರಣಗಳನ್ನೂ ಒಟ್ಟಿಗೆ ಕಟ್ಟಿಕೊಟ್ಟ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಸಂಕಲನವು ಮೊದಲ ಬಾರಿ ಹೊರಬಂದಾಗ ಅದಕ್ಕೆ 24 ಫ್ಲಾಪಿಗಳು ಬೇಕಾದವು, ಮತ್ತು ಒಂದು ಫ್ಲಾಪಿ ಕೈಕೊಟ್ಟರೂ ಅನುಸ್ಥಾಪನೆ ಅಲ್ಲಿಯೇ ನಿಲ್ಲುವ ಭಯವಿತ್ತು. ಭಾರತದಲ್ಲಿ ಈ ಭಾರವನ್ನು ಹೊತ್ತವು ನಿಯತಕಾಲಿಕಗಳು: 1990ರ ದಶಕದ ಉತ್ತರಾರ್ಧದಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆಯೂ, 2003ರಿಂದ ‘ಲಿನಕ್ಸ್ ಫಾರ್ ಯು’ ಪತ್ರಿಕೆಯೂ ಸಂಚಿಕೆಯೊಡನೆ ಲಿನಕ್ಸಿನ ಸಿಡಿಗಳನ್ನು ಇಟ್ಟು ಕೊಡುತ್ತಿದ್ದವು. ದೂರವಾಣಿ ತಂತಿಯ 56 ಕಿಲೋಬಿಟ್ ವೇಗದಲ್ಲಿ, ಒಂದು ಸಿಡಿಯಷ್ಟು, ಅಂದರೆ 700 ಎಂಬಿ ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೂ ಸುಮಾರು 28 ತಾಸು ಹಿಡಿಯುತ್ತಿದ್ದ ಕಾಲದಲ್ಲಿ, ಆ ತೆಳುವಾದ ಬಿಲ್ಲೆಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಸಂಕಲನ ಬಂದಿತು. ಅದರ ಹಿಂದಿದ್ದ ಕೆನಾನಿಕಲ್ ಸಂಸ್ಥೆಯು ಶಿಪ್‌ಇಟ್ ಎಂಬ ಸೇವೆಯ ಮೂಲಕ, ಕೇಳಿದ ಯಾವ ದೇಶದವರಿಗಾದರೂ, ಅಂಚೆವೆಚ್ಚವನ್ನೂ ಬೇಡದೆ ಸಿಡಿಗಳನ್ನು ಮನೆಗೆ ಕಳುಹಿಸಿತು. ಈ ಔದಾರ್ಯ 2011ರ ಏಪ್ರಿಲ್‌ನಲ್ಲಿ ನಿಂತಿತು. ವೇಗದ ಅಂತರ್ಜಾಲ ಎಲ್ಲೆಡೆ ಬಂದಿದೆ, ಇನ್ನು ಸಿಡಿಯೇಕೆ ಎಂಬ ಭಾವನೆ ನಗರದವರ ದೃಷ್ಟಿಯಿಂದ ಸರಿಯಾದುದೇ. ಹಳ್ಳಿಯ ದೃಷ್ಟಿಯಿಂದ ಅದು ತುಸು ಅವಸರದ ತೀರ್ಮಾನವಾಯಿತು.

ಕನ್ನಡಿಗರ ನಡುವೆ ಈ ಕೆಲಸ ಸಾಂಸ್ಥಿಕವಾಗಿ ಕೈಗೂಡಿದ ನಿದರ್ಶನಗಳು ಇಲ್ಲದಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೂ, 2017ರಲ್ಲಿ ಅದರಿಂದಲೇ ರೂಪುಗೊಂಡ ಕೈಟ್ ಸಂಸ್ಥೆಯೂ ಸರಕಾರಿ ಶಾಲೆಗಳಿಗಾಗಿ ತಮ್ಮದೇ ಲಿನಕ್ಸ್ ಸಂಕಲನವನ್ನು ಸಿದ್ಧಪಡಿಸಿಕೊಡುತ್ತ ಬಂದಿರುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿಯೇ ಅಚ್ಚಾದ ಪಠ್ಯವನ್ನೋದಿ, ಲಿನಕ್ಸಿನ ಮೇಲೆಯೇ ಗಣಕವಿದ್ಯೆಯನ್ನು ಕಲಿಯುತ್ತಾರೆ. ನಮ್ಮ ರಾಜ್ಯದಲ್ಲಿ 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳ ಸಹಯೋಗದಲ್ಲಿ, ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ಕೊಟ್ಟಿತು. ಶಾಲೆಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಒಟ್ಟುಗೂಡಿಸಿದ ‘ಕಲ್ಪವೃಕ್ಷ’ ಎಂಬ ಸಂಕಲನವೂ ಐಟಿ ಫಾರ್ ಚೇಂಜ್ ಸಂಸ್ಥೆಯಿಂದ ಬಂದಿತು. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಇಳಿಸಿಕೊಳ್ಳುವ ಶ್ರಮವಿಲ್ಲದೆ, ಒಂದೆಡೆ ಸಿದ್ಧವಾದುದು ಹಲವರ ಕೈಗೆ ಹಂಚಿಹೋಗುವ ಈ ಕ್ರಮವೇ ನಮ್ಮ ಊರುಗಳಿಗೆ ತಕ್ಕದ್ದು.

ಇನ್ನು, ಲಿನಕ್ಸನ್ನು ಯಂತ್ರಕ್ಕೆ ಇಳಿಸುವ ಪೆನ್ ಡ್ರೈವನ್ನೋ ಸಿಡಿಯನ್ನೋ ಸಿದ್ಧಪಡಿಸುವ ಬಗೆಯನ್ನು ನೋಡೋಣ. ಲಿನಕ್ಸ್ ಸಂಕಲನಗಳು ಅಂತರ್ಜಾಲದಲ್ಲಿ ಐಎಸ್ಓ ಎಂಬ ಒಂದೇ ದೊಡ್ಡ ಕಡತದ ರೂಪದಲ್ಲಿ ದೊರೆಯುತ್ತವೆ. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ: ಆ ಕಡತವನ್ನು ಹಾಡನ್ನೋ ಚಿತ್ರವನ್ನೋ ನಕಲು ಮಾಡುವಂತೆ ಪೆನ್ ಡ್ರೈವ್‌ನೊಳಗೆ ಹಾಕಿದರೆ ಯಂತ್ರ ಅದನ್ನು ಗುರುತಿಸುವುದಿಲ್ಲ. ಜಕಾರ್ಡ್ ಮಗ್ಗವನ್ನು ಬಲ್ಲ ಬನಹಟ್ಟಿಯ ನೇಕಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೀರೆಯ ವಿನ್ಯಾಸ ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ, ಅದನ್ನು ರಟ್ಟಿನ ಪಟ್ಟಿಗಳಲ್ಲಿ ತೂತುಗಳಾಗಿ ಕೊರೆದು, ಕ್ರಮ ತಪ್ಪದಂತೆ ಪೋಣಿಸಿದ ಮೇಲಲ್ಲವೆ ಮಗ್ಗ ಅದನ್ನು ನೇಯುವುದು! ಐಎಸ್ಓ ಕಡತವನ್ನೂ ಹಾಗೆಯೇ ಒಂದೊಂದು ಬಿಟ್ಟನ್ನೂ ಮೂಲದ ಕ್ರಮದಲ್ಲಿಯೇ, ಪೆನ್ ಡ್ರೈವ್‌ನ ಮೊದಲ ಸ್ಥಾನದಿಂದ ಬರೆಯಬೇಕು. ವಿಂಡೋಸ್‌ನಲ್ಲಿ ರೂಫಸ್, ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ನಡೆಯುವ ಬಲೇನಾ ಎಚರ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸಕ್ಕೆಂದೇ ಇವೆ. ಬರೆದಾಗ ಪೆನ್ ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮಾತ್ರ ಮರೆಯಲಾಗದು.

ಬರೆಯುವುದಕ್ಕೆ ಮುಂಚೆ ಯಾವುದನ್ನು ಬರೆಯಬೇಕೆಂಬುದು ನಿಶ್ಚಯವಾಗಬೇಕು, ಅದಕ್ಕೆ ಯಂತ್ರದ ಪರಿಚಯ ಬೇಕು. 2006ರಲ್ಲಿ ಬಂದ ಕೋರ್ 2 ಡುಯೋ ಮತ್ತು ಆಮೇಲಿನ ಸಾಮಾನ್ಯ ಮೇಜಿನ ಗಣಕಗಳು 64 ಬಿಟ್ಟಿನವು. ಇವುಗಳಿಗೆ ಇಂದಿಗೂ ಹೊಸ ಸಂಕಲನಗಳು ಧಾರಾಳವಾಗಿ ದೊರೆಯುತ್ತವೆ. ಪೆಂಟಿಯಂ 4ರಲ್ಲಿ ಹಲವು ಮತ್ತು ಚಿಕ್ಕ ಲ್ಯಾಪ್‌ಟಾಪುಗಳಲ್ಲಿದ್ದ ಆ್ಯಟಂ ಎನ್270ರಂಥವು 32 ಬಿಟ್ಟಿನವು. ಇಲ್ಲಿ ಚಿಂತೆಗೆ ಕಾರಣವಿದೆ. ಉಬುಂಟು ಬಹು ಹಿಂದೆಯೇ 32 ಬಿಟ್ಟಿನ ಅನುಸ್ಥಾಪನೆಯನ್ನು ಕೈಬಿಟ್ಟಿತು. 1993ರಿಂದ ನಡೆದುಬಂದಿರುವ ಡೆಬಿಯನ್ ಎಂಬ ಸಂಕಲನ ಸಹ, 2023ರ ಜೂನ್‌ನ ತನ್ನ 12ನೆಯ ಆವೃತ್ತಿಯವರೆಗೆ ಮಾತ್ರ ಇಂಥ ಯಂತ್ರಗಳಿಗೆ ಅನುಸ್ಥಾಪಕವನ್ನು ಕೊಟ್ಟು, 2025ರ ಆಗಸ್ಟ್‌ನ 13ನೆಯ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿತು. ಆದುದರಿಂದ ಡೆಬಿಯನ್ 12, ಅದರ ಮೇಲೆಯೇ ಕಟ್ಟಿದ ಆ್ಯಂಟಿಎಕ್ಸ್ 23, ಪೂರ್ಣವಾಗಿ ರ‍್ಯಾಮ್‌ನಲ್ಲಿಯೇ ಕುಳಿತು ನಡೆಯುವ ಪಪ್ಪಿ, ಇವುಗಳ 32 ಬಿಟ್ಟಿನ ಪ್ರತಿಗಳನ್ನು ಈಗಲೇ ಇಳಿಸಿ ಇಟ್ಟುಕೊಳ್ಳುವುದು ಜಾಣತನ. ಅಂತರ್ಜಾಲವಿಲ್ಲದ ಕಡೆ ಅನುಸ್ಥಾಪಿಸುವವರು ಡೆಬಿಯನ್‌ನ ಮೊದಲ ಡಿವಿಡಿಯನ್ನೇ ಆರಿಸಿಕೊಳ್ಳಲಿ. ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಪ್ರತಿ ಮಿಕ್ಕುದೆಲ್ಲವನ್ನೂ ಜಾಲದಿಂದಲೇ ತರಿಸಿಕೊಳ್ಳುವಂಥದು.

ಇಳಿಸಿಕೊಳ್ಳುವುದು ಹೇಗೆ? ಹಳ್ಳಿಯಲ್ಲಿ ಇಂದು ಅಂತರ್ಜಾಲವೆಂದರೆ ಬಹುಮಟ್ಟಿಗೆ ಕೈಯಲ್ಲಿರುವ ಮೊಬೈಲೇ ಆಗಿರುವುದರಿಂದ, ಅದರಿಂದಲೇ ಕಾರ್ಯ ಸಾಧಿಸಬಹುದು. ದಿನದ ಡೇಟಾ ಮಿತಿ ಮುಗಿದು ಅರ್ಧಕ್ಕೆ ನಿಂತ ಕಡತವನ್ನು ಮರುದಿನ ನಿಂತಲ್ಲಿಂದಲೇ ಮುಂದುವರಿಸುವ ಟೊರೆಂಟ್ ಮಾರ್ಗ ಇಂಥಲ್ಲಿ ಬಹಳ ಉಪಯುಕ್ತ, ಮತ್ತು ಲಿನಕ್ಸಿನ ಮಟ್ಟಿಗೆ ಅದು ಪೂರ್ಣ ನ್ಯಾಯಸಮ್ಮತವೂ ಹೌದು. ಬೇರೆ ಕಂಪ್ಯೂಟರೇ ಇಲ್ಲದವರು ಓಟಿಜಿ ಕೇಬಲಿನಿಂದ ಪೆನ್ ಡ್ರೈವನ್ನು ಆಂಡ್ರಾಯ್ಡ್ ಫೋನಿಗೆ ಜೋಡಿಸಿ, ಎಚ್‌ಡ್ರಾಯ್ಡ್ ಎಂಬ ಸ್ವತಂತ್ರ ಆ್ಯಪ್‌ನಿಂದ ಬರೆಯಬಹುದು. ಕಡತ ಇಳಿದ ಮೇಲೆ, ಸಂಕಲನದವರೇ ಪ್ರಕಟಿಸಿರುವ ಎಸ್‌ಎಚ್‌ಎ256 ಎಂಬ 64 ಅಕ್ಷರಗಳ ಮೊತ್ತದೊಡನೆ ನಮ್ಮ ಕಡತದ ಮೊತ್ತವನ್ನು ಹೋಲಿಸಬೇಕು. ಒಂದೇ ಒಂದು ಬಿಟ್ಟು ಕೆಟ್ಟಿದ್ದರೂ ಆ ಮೊತ್ತ ಪೂರಾ ಬದಲಾಗುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಮುಂದುವರಿದವರು ಅನುಸ್ಥಾಪನೆಯ ನಡುವೆ ಕಾಣುವ ಅರ್ಥವಾಗದ ದೋಷಗಳಿಗೆ ನಿರಪರಾಧಿಯಾದ ಯಂತ್ರವನ್ನು ದೂರುವುದುಂಟು.

ಯಂತ್ರವನ್ನು ಚಾಲೂ ಮಾಡುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತುತ್ತಿದ್ದರೆ, ಎಲ್ಲಿಂದ ಆರಂಭವಾಗಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿರುತ್ತದೆ. ಅತಿ ಹಳೆಯ ಯಂತ್ರಗಳು ಪೆನ್ ಡ್ರೈವ್‌ನಿಂದ ಆರಂಭವಾಗುವುದನ್ನೇ ಅರಿಯವು. ಅಂಥವುಗಳಿಗೆ ಪ್ಲಾಪ್ ಬೂಟ್ ಮ್ಯಾನೇಜರ್ ಎಂಬ ಪುಟ್ಟ ತಂತ್ರಾಂಶವನ್ನು ಸಿಡಿಯಲ್ಲಿ ಬರೆದು, ಅದರಿಂದ ಪೆನ್ ಡ್ರೈವನ್ನು ಎಬ್ಬಿಸಬಹುದು. ಇಲ್ಲವೆ ಒಂದು ಸಿಡಿಯೊಳಗೆ ಹಿಡಿಸುವ ಪಪ್ಪಿಯ ಆವೃತ್ತಿಯನ್ನು ಆರಿಸಿ, ಮರುಬಳಕೆಯ ಬಿಲ್ಲೆಯ ಬದಲು ಒಮ್ಮೆ ಬರೆಯುವ ಬಿಲ್ಲೆಯಲ್ಲಿ, ವೇಗವನ್ನು ತಗ್ಗಿಸಿ ಬರೆಯುವುದು ಲೇಸು, ಏಕೆಂದರೆ ಹಳೆಯ ಸಿಡಿ ಡ್ರೈವುಗಳ ಮಸೂರ ಮಂಕಾಗಿರುತ್ತದೆ. ಗಡಿಯಾರ ಎಷ್ಟೋ ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನು ಬದಲಿಸಿರಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಜನ ಜಾಲಸಂಪರ್ಕವೇ ಕೆಟ್ಟಿತೆಂದು ತಿಳಿಯುತ್ತಾರೆ. ಹಾರ್ಡ್ ಡಿಸ್ಕನ್ನು ಮುಟ್ಟದೆ ನಡೆಯುವ ಲೈವ್ ರೂಪವಿರುವ ಸಂಕಲನವಾದರೆ ಅದನ್ನು ಒಮ್ಮೆ ಹಾಗೆ ನಡೆಸಿ, ಪರದೆ, ಧ್ವನಿ, ವೈಫೈ ಎಲ್ಲ ಸರಿಯಿವೆಯೆಂದು ಕಂಡುಕೊಂಡು, ಹಳೆಯ ಲೆಕ್ಕಪತ್ರಗಳನ್ನೂ ಮದುವೆಯ ಫೋಟೋಗಳನ್ನೂ ಬೇರೆಡೆ ಉಳಿಸಿಕೊಂಡ ಮೇಲೆಯೇ ಅನುಸ್ಥಾಪನೆಗೆ ಕೈಹಾಕತಕ್ಕದ್ದು.

ಕನ್ನಡದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಡೆಬಿಯನ್‌ನ ಅನುಸ್ಥಾಪಕ ಕನ್ನಡದಲ್ಲಿಯೇ ಮಾತನಾಡಬಲ್ಲದು. ಆದರೆ ಅಕ್ಷರಗಳನ್ನು ಮಾತ್ರ ತೋರಿಸುವ ಸರಳ ಪರದೆಯಲ್ಲಿ ಕನ್ನಡ ಮೂಡದಾದುದರಿಂದ, ಆರಂಭದಲ್ಲಿಯೇ ಚಿತ್ರಾತ್ಮಕ ಅನುಸ್ಥಾಪಕವನ್ನು ಆರಿಸಿಕೊಳ್ಳಬೇಕು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ, ನುಡಿ ತಂತ್ರಾಂಶದಿಂದ ಕರ್ನಾಟಕದ ಬೆರಳುಗಳಿಗೆಲ್ಲ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ. ಗುಬ್ಬಿ, ನವಿಲು ಎಂಬ ಸುಂದರವಾದ ಕನ್ನಡ ಅಕ್ಷರಶೈಲಿಗಳು ಡೆಬಿಯನ್‌ನ ಭಂಡಾರದಲ್ಲಿಯೇ ಉಚಿತವಾಗಿ ದೊರೆಯುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಆಸೆಗೆ ಮಿತಿಯಿರಲೆಂದೂ ಹೇಳಬೇಕು. 2 ಜಿಬಿ ರ‍್ಯಾಮ್ ಇರುವ 64 ಬಿಟ್ಟಿನ ಯಂತ್ರ ಮಕ್ಕಳ ಓದಿಗೂ ಕಚೇರಿಯ ಬರವಣಿಗೆಗೂ ಧಾರಾಳವಾಗಿ ಸಾಕು. ಆ್ಯಂಟಿಎಕ್ಸ್ 512 ಎಂಬಿಯಲ್ಲಿಯೂ ನಡೆಯುವುದು ನಿಜ, ಆದರೆ ಇಂದಿನ ಜಾಲತಾಣಗಳು ಅಷ್ಟರಲ್ಲಿ ಕುಂಟುತ್ತವೆ, ವೀಡಿಯೋಗಳನ್ನಂತೂ ನೋಡಲಾಗದು. ಅಂಥ ಯಂತ್ರವನ್ನು ಬೆರಳಚ್ಚಿನ ಅಭ್ಯಾಸಕ್ಕೋ ಲೆಕ್ಕದ ಪಟ್ಟಿಗೋ ಮೀಸಲಿಡುವುದು ಯೋಗ್ಯ.

ಪ್ರತಿಯೊಬ್ಬನೂ ಮೇಲಿನದೆಲ್ಲವನ್ನೂ ಮಾಡಬೇಕಾಗಿಲ್ಲ. ಊರಿಗೊಬ್ಬರು ಮಾಡಿದರೆ ಸಾಕು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂದು ಹೆಸರು ಪಡೆದಿವೆ. ಅಲ್ಲಿನ ಕಪಾಟಿನಲ್ಲಿ, ಪುಸ್ತಕಗಳ ಪಕ್ಕದಲ್ಲಿಯೇ, 64 ಮತ್ತು 32 ಬಿಟ್ಟಿನ ಲಿನಕ್ಸ್ ಇರುವ ಒಂದೆರಡು ಪೆನ್ ಡ್ರೈವುಗಳು, ಪಪ್ಪಿಯ ಒಂದು ಸಿಡಿ, ಪರೀಕ್ಷಾ ಮೊತ್ತಗಳನ್ನು ಬರೆದ ಒಂದು ಹಾಳೆ, ಕನ್ನಡದಲ್ಲಿ ಬರೆದ ಒಂದು ಪುಟದ ಸೂಚನೆ, ಇಷ್ಟನ್ನು ಇಟ್ಟು, ಬೇಕಾದವರಿಗೆ ಪುಸ್ತಕದಂತೆಯೇ ಎರವಲು ಕೊಡಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಲಿನಕ್ಸಿನ ಪರವಾನಗಿ ಅದನ್ನು ಸ್ಪಷ್ಟವಾಗಿ ಅನುಮತಿಸುತ್ತದೆ. ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತ ಹಬ್ಬಕ್ಕೆ ಊರಿಗೆ ಬರುವ ಹುನ್ನೂರಿನ, ಜಮಖಂಡಿಯ, ಬನಹಟ್ಟಿಯ ತರುಣ ತರುಣಿಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಹಿಂದಿನ ರಾತ್ರಿ ನಿಮ್ಮ ವೇಗದ ಸಂಪರ್ಕದಲ್ಲಿ ಡೆಬಿಯನ್ 12ರ 32 ಬಿಟ್ಟಿನ ಡಿವಿಡಿಯನ್ನೂ ಹೊಸದೊಂದು 64 ಬಿಟ್ಟಿನ ಸಂಕಲನವನ್ನೂ ಇಳಿಸಿ, ಮೊತ್ತವನ್ನು ಹೋಲಿಸಿ, ಎರಡು ಪೆನ್ ಡ್ರೈವುಗಳಲ್ಲಿ ಬರೆದು ತನ್ನಿ, ನೀವು ಕಲಿತ ಶಾಲೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಅವುಗಳಲ್ಲಿ ತಕ್ಕುದನ್ನು ಹಾಕಿಕೊಟ್ಟು, ಆ ಪೆನ್ ಡ್ರೈವುಗಳನ್ನು ಅರಿವು ಕೇಂದ್ರದಲ್ಲಿ ಬಿಟ್ಟುಹೋಗಿ.