ಮೌನವಾದ ಗಣಕಯಂತ್ರ

ಗುಂಡಿಯನ್ನೊತ್ತಿದರೂ ಮೇಜಿನ ಮೇಲಿನ ಗಣಕಯಂತ್ರವು ಮಿಸುಕದಿದ್ದಾಗ ‘ಯಂತ್ರ ಕೆಟ್ಟಿತು’ ಎಂದು ತೀರ್ಪು ಕೊಡುವುದು ಸುಲಭ. ಆದರೆ ಬಲ್ಲ ವೈದ್ಯನು ನಾಡಿಯನ್ನು ನೋಡದೆ ಔಷಧ ಕೊಡನು. ಗಣಕದ ನಾಡಿಯೆಂದರೆ ವಿದ್ಯುತ್ತು. ಗೋಡೆಯಿಂದ ಹೊರಟ ಅದು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಅರಸುವುದೇ ಇಲ್ಲಿಯ ಪರೀಕ್ಷೆ.

ಮೊದಲು ಒಂದು ಮಾತು. ಪೆಟ್ಟಿಗೆಯೊಳಗಿನ ಫ್ಯಾನು ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಅದು ಬೇರೆಯೇ ರೋಗ. ಸದ್ದಿಲ್ಲ, ಬೆಳಕಿಲ್ಲ ಎಂಬ ಸ್ಥಿತಿಯೇ ನಮ್ಮ ವಿಷಯ.

ಪರೀಕ್ಷೆಯು ಗೋಡೆಯಿಂದಲೇ ಆರಂಭವಾಗಬೇಕು. ಅದೇ ಸಾಕೆಟ್ಟಿಗೆ ಒಂದು ದೀಪವನ್ನು ಜೋಡಿಸಿದರೆ ವಿದ್ಯುತ್ತು ಇದೆಯೋ ಇಲ್ಲವೋ ತಿಳಿಯುತ್ತದೆ. ಬಳಿಕ ಯುಪಿಎಸ್, ತಂತಿ, ಪೆಟ್ಟಿಗೆಯ ಹಿಂಬದಿಯ ಸಣ್ಣ ಸ್ವಿಚ್ಚು. ಕಸ ಗುಡಿಸುವಾಗ ಸಡಿಲಗೊಂಡ ತಂತಿಯೊಂದು ದುಬಾರಿ ಯಂತ್ರವನ್ನು ಮೂಕವಾಗಿಸಬಲ್ಲದು!

ತಂತಿಯು ಮುಟ್ಟುವುದು ಪವರ್ ಸಪ್ಲೈ ಎಂಬ ಲೋಹದ ಡಬ್ಬಿಯನ್ನು. ನಮ್ಮ ಮನೆಗಳ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. 1981ರ ಐಬಿಎಂ ಪಿಸಿಯ ಪಕ್ಕದಲ್ಲಿದ್ದ ದಪ್ಪ ಕೆಂಪು ಸ್ವಿಚ್ಚು ವಿದ್ಯುತ್ತನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ವಿನ್ಯಾಸವನ್ನು ಹೊರತಂದಿತು. ಇದರಲ್ಲಿ ಮುಂಬದಿಯ ಗುಂಡಿಯು ಬರಿಯ ಸಂದೇಶವಾಹಕ. ಗೋಡೆಯ ಸ್ವಿಚ್ಚು ಹಾಕಿದೊಡನೆ 5 ವೋಲ್ಟಿನ ಕಿರುಪ್ರವಾಹವೊಂದು ಮದರ್ ಬೋರ್ಡನ್ನು ತಲುಪಿ ಕಾವಲುಗಾರನಂತೆ ಎಚ್ಚರವಾಗಿರುತ್ತದೆ. ಗುಂಡಿಯನ್ನೊತ್ತಿದಾಗ ಎರಡು ಸಣ್ಣ ಮೊಳೆಗಳು ಕ್ಷಣಕಾಲ ಕೂಡುತ್ತವೆ; ಬೋರ್ಡು ಪವರ್ ಸಪ್ಲೈಯನ್ನು ಎಚ್ಚರಿಸುತ್ತದೆ; ವೋಲ್ಟುಗಳೆಲ್ಲ ಸ್ಥಿರವಾದವೆಂಬ ಮರುಸಂದೇಶ ಬಂದ ಮೇಲೆಯೇ ಪ್ರೊಸೆಸರ್ ಕೆಲಸಕ್ಕೆ ತೊಡಗುತ್ತದೆ. ಆದುದರಿಂದ ಉಳಿದೆಲ್ಲವೂ ಚೆನ್ನಾಗಿದ್ದು, ಗುಂಡಿಯ ಎಳೆತಂತಿಯೊಂದೇ ಕಳಚಿದರೂ ಗಣಕವು ಏಳದು. ಹಲವು ಬೋರ್ಡುಗಳ ಮೇಲೆ ಈ ಕಿರುಪ್ರವಾಹವನ್ನು ಸೂಚಿಸುವ ಪುಟ್ಟ ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ವಿದ್ಯುತ್ತು ಬೋರ್ಡಿನವರೆಗೆ ಬಂದಿದೆಯೆಂದೇ ಅರ್ಥ; ದೋಷವನ್ನು ಅಲ್ಲಿಂದ ಮುಂದೆ ಹುಡುಕಬೇಕು.

ಪೆಟ್ಟಿಗೆಯ ಬಾಗಿಲನ್ನು ತೆರೆಯುವ ಮೊದಲು ತಂತಿಯನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಬೋರ್ಡಿಗೆ ಬರುವ 24 ಮೊಳೆಗಳ ಕನೆಕ್ಟರನ್ನೂ ಪ್ರೊಸೆಸರಿನ ಬಳಿಯ ಚಿಕ್ಕ ಕನೆಕ್ಟರನ್ನೂ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಫ್ಯಾನು ಒಮ್ಮೆ ಮಿಸುಕಿ ನಿಂತರೆ ಯಾವುದೋ ಭಾಗದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ, ಪವರ್ ಸಪ್ಲೈಯು ತನ್ನನ್ನು ತಾನೇ ಕಾಪಾಡಿಕೊಂಡಿರಬಹುದು. ಆಗ ಹೆಚ್ಚುವರಿ ಭಾಗಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ಪ್ರತಿ ಸಲವೂ ತಂತಿಯನ್ನು ಕಿತ್ತೇ ಕೈಹಾಕಬೇಕು. ಎರಡನ್ನು ಒಟ್ಟಿಗೆ ತೆಗೆದವನಿಗೆ ಗಣಕವು ಎದ್ದರೂ ಅಪರಾಧಿ ಯಾವುದೆಂದು ತಿಳಿಯದು.

ಆದರೆ ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಬಿಚ್ಚಲಾಗದು. ಅದರೊಳಗಿನ ಕೆಪಾಸಿಟರುಗಳು 300 ವೋಲ್ಟಿಗೂ ಮಿಕ್ಕ ವಿದ್ಯುತ್ತನ್ನು ಸಂಗ್ರಹಿಸುತ್ತವೆ. ತಂತಿಯನ್ನು ಕಿತ್ತ ಮೇಲೂ ಅದು ಕೆಲಕಾಲ ಉಳಿದಿರಬಹುದು. ಮುಟ್ಟಿದವನ ಪ್ರಾಣಕ್ಕೇ ಅಪಾಯ. ಕೆಟ್ಟ ಡಬ್ಬಿಯನ್ನು ಇಡಿಯಾಗಿ ಬದಲಿಸುವುದೇ ಸರಿ.

ಡಬ್ಬಿಯಾಗಲಿ ಬೋರ್ಡಾಗಲಿ ಸತ್ತುಹೋದರೂ ಡಿಸ್ಕಿನಲ್ಲಿ ಬರೆದಿಟ್ಟ ಲೆಕ್ಕಪತ್ರ, ಅಂಕಪಟ್ಟಿಗಳು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ. ಆ ಡಿಸ್ಕನ್ನು ಮತ್ತೊಂದು ಗಣಕಕ್ಕೆ ಜೋಡಿಸಿ ಅವುಗಳನ್ನು ಓದಬಹುದು.